ಲಿನಕ್ಸ್ ಕರ್ನಲ್ ಸೋರ್ಸ್ ಓದಲು ಯಾವ ಐಡಿಇ? ಮೊದಲು ಎಂಜಿನ್ ನೋಡಿ, ಆಮೇಲೆ ಎಡಿಟರ್

ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದರ ಸೋರ್ಸನ್ನು ಯಾವ ಎಡಿಟರ್‌ನಲ್ಲಿ ಬೇಕಾದರೂ ತೆರೆಯಬಹುದು. ಕಷ್ಟ ಶುರುವಾಗುವುದು ತೆರೆದ ಮೇಲೆ. ಒಂದು ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು 'ಇದು ಎಲ್ಲಿದೆ, ತೋರಿಸು' ಎಂದು ಕೇಳಿ ನೋಡಿ. ಒಂದು ಐಡಿಇ (ಕೋಡ್ ಬರೆಯಲು, ಓದಲು, ಓಡಿಸಲು ಸವಲತ್ತುಗಳಿರುವ ಎಡಿಟರ್) ನೇರವಾಗಿ ಸರಿಯಾದ ಸಾಲಿಗೆ ಕರೆದುಕೊಂಡು ಹೋಗುತ್ತದೆ. ಇನ್ನೊಂದು ಹತ್ತಿಪ್ಪತ್ತು ಜಾಗಗಳ ಪಟ್ಟಿ ಕೊಟ್ಟು, ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ ಎನ್ನುತ್ತದೆ. ಮತ್ತೊಂದು ಫ್ಯಾನ್ ಜೋರಾಗಿ ತಿರುಗುವಂತೆ ಮಾಡಿ, ಬಹಳ ಹೊತ್ತು ಇಂಡೆಕ್ಸ್ ಮಾಡಿ (ಯಾವ ಹೆಸರು ಎಲ್ಲಿದೆ ಎಂಬ ಪಟ್ಟಿ ಕಟ್ಟಿಕೊಂಡು), ಕೊನೆಗೆ ಪ್ರತಿ ಸಾಲಿನ ಕೆಳಗೂ ಕೆಂಪು ಗೆರೆ ಎಳೆದು ಕೂರುತ್ತದೆ.

ಐಡಿಇಯ ಮೆನು, ಥೀಮ್, ಪ್ಲಗಿನ್‌ಗಳಿಗೂ ಈ ವ್ಯತ್ಯಾಸಕ್ಕೂ ಹೆಚ್ಚು ಸಂಬಂಧ ಇಲ್ಲ. ಒಳಗೆ ಕೂತು ಇಂಡೆಕ್ಸ್ ಮಾಡುವ ಎಂಜಿನ್ ಯಾವುದು ಅನ್ನುವುದೇ ಮುಖ್ಯ. ಅದಕ್ಕೇ ಈ ಬರಹದಲ್ಲಿ ಎಡಿಟರ್‌ಗಳ ವಿಷಯಕ್ಕೆ ಬರುವ ಮುಂಚೆ ಎಂಜಿನ್‌ಗಳ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಕರ್ನಲ್ ಕೋಡ್ ಐಡಿಇಗಳನ್ನು ಯಾಕೆ ಕಾಡುತ್ತದೆ

ಗಾತ್ರ ದೊಡ್ಡದು, ನಿಜ. ಮೂರು ಕೋಟಿ ಸಾಲುಗಳನ್ನು ಎಂದೋ ದಾಟಿದೆ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳು. ಎಎಂಡಿ ಗ್ರಾಫಿಕ್ಸ್ ಡ್ರೈವರ್ ಒಂದರಲ್ಲೇ ಲಕ್ಷಾಂತರ ಸಾಲಿನ ರಿಜಿಸ್ಟರ್ ಹೆಡರ್‌ಗಳಿವೆ (ಹೆಡರ್ ಎಂದರೆ ಹಲವು ಸಿ ಫೈಲ್‌ಗಳು ಹಂಚಿಕೊಳ್ಳುವ ಡಿಕ್ಲರೇಷನ್‌ಗಳ ಫೈಲ್). ಅವನ್ನು ಮನುಷ್ಯರು ಕೂತು ಬರೆದದ್ದಲ್ಲ, ಟೂಲ್‌ಗಳು ಉತ್ಪಾದಿಸಿದ್ದು. ನೀವು ಅದನ್ನೆಲ್ಲ ಓದುವುದಿಲ್ಲ. ಐಡಿಇಯೂ ಓದಬೇಕಾಗಿಲ್ಲ. ಗಾತ್ರದ ಸಮಸ್ಯೆಯನ್ನು ಬೇಡದ ಫೋಲ್ಡರ್‌ಗಳನ್ನು ಹೊರಗಿಟ್ಟು ಬಗೆಹರಿಸಬಹುದು.

ನಿಜವಾದ ತಲೆನೋವು ಮೂರು.

ಮೊದಲನೆಯದು ಕಾನ್ಫಿಗರೇಷನ್. ಒಂದೇ ಹೆಸರಿಗೆ ಹಲವು ಡೆಫಿನಿಷನ್‌ಗಳಿರುತ್ತವೆ. ಈಗ ಓಡುತ್ತಿರುವ ಪ್ರೊಸೆಸ್ ಯಾವುದು ಎಂದು ಹೇಳುವ 'ಕರೆಂಟ್' ಮ್ಯಾಕ್ರೋ ನೋಡಿ (ಮ್ಯಾಕ್ರೋ ಎಂದರೆ ಕಂಪೈಲ್ ಆಗುವ ಮುಂಚೆ ಬೇರೆ ಕೋಡ್ ಆಗಿ ಬಿಚ್ಚಿಕೊಳ್ಳುವ ಹೆಸರು). ಪ್ರೊಸೆಸರ್ ಜಾತಿ, ಅಂದರೆ ಆರ್ಕಿಟೆಕ್ಚರ್ ನೋಡಿ ಅದು ಬದಲಾಗುತ್ತದೆ: ಎಕ್ಸ್86ಗೆ ಅದರ ರೂಪ ಬೇರೆ, ಆರ್ಮ್64ಗೆ ಬೇರೆ, ರಿಸ್ಕ್-ವಿಗೆ ಬೇರೆ. ಸ್ಪಿನ್‌ಲಾಕ್ (ಒಂದೇ ಡೇಟಾಗೆ ಇಬ್ಬರು ಒಟ್ಟಿಗೆ ಕೈ ಹಾಕದಂತೆ ತಡೆಯುವ ಬೀಗ) ಕೂಡ ಹಾಗೆಯೇ. ರಿಯಲ್ ಟೈಮ್ ಆಯ್ಕೆ ಆನ್ ಆಗಿದ್ದರೆ ಬೇರೆಯೇ ಹೆಡರ್ ಬಳಕೆಗೆ ಬರುತ್ತದೆ. ಯಾವುದು ಸರಿ? ಬಿಲ್ಡ್‌ನಲ್ಲಿ ಏನೇನು ಸೇರಬೇಕು ಎಂದು ಬರೆದಿಟ್ಟ ನಿಮ್ಮ ಡಾಟ್ ಕಾನ್ಫಿಗ್ ಫೈಲ್ ಹೇಳಿದ್ದು ಸರಿ. ಆ ಫೈಲನ್ನು ನೋಡದ ಐಡಿಇ ಊಹೆ ಮಾಡುತ್ತದೆ, ಅಷ್ಟೇ.

ಎರಡನೆಯದು ಮ್ಯಾಕ್ರೋಗಳು ಹುಟ್ಟಿಸುವ ಹೆಸರುಗಳು. 'ಫೋಲಿಯೋ_ಟೆಸ್ಟ್_ಡರ್ಟಿ' ಅನ್ನುವ ಫಂಕ್ಷನ್ ಕರ್ನಲ್‌ನಲ್ಲಿ ಹಲವು ಕಡೆ ಬಳಕೆಯಲ್ಲಿದೆ. ಅದರ ಡೆಫಿನಿಷನ್ ಹುಡುಕಿ ಗ್ರೆಪ್ (ಫೈಲ್‌ಗಳಲ್ಲಿ ಅಕ್ಷರಗಳನ್ನು ಹುಡುಕುವ ಟೂಲ್) ಮಾಡಿ. ಕರೆಯುವ ಜಾಗಗಳು ಸಿಗುತ್ತವೆ, ಬರೆದ ಜಾಗ ಸಿಗುವುದಿಲ್ಲ. ಯಾಕೆಂದರೆ ಆ ಹೆಸರನ್ನು ಪೂರ್ತಿಯಾಗಿ ಯಾರೂ ಟೈಪ್ ಮಾಡಿಲ್ಲ. ಪೇಜ್ ಫ್ಲ್ಯಾಗ್‌ಗಳ ಹೆಡರ್‌ನಲ್ಲಿರುವ ಒಂದು ಮ್ಯಾಕ್ರೋ 'ಫೋಲಿಯೋ_ಟೆಸ್ಟ್_' ಅನ್ನುವುದಕ್ಕೆ 'ಡರ್ಟಿ' ಅಂಟಿಸಿ ಅದನ್ನು ತಯಾರಿಸುತ್ತದೆ.

ಮೂರನೆಯದು ಫಂಕ್ಷನ್ ಪಾಯಿಂಟರ್‌ಗಳು, ಅಂದರೆ ಯಾವ ಫಂಕ್ಷನ್ ಕರೆಯಬೇಕು ಎಂಬುದನ್ನು ಓಡುವಾಗ ಹೇಳುವ ವಿಳಾಸಗಳು. ಇದನ್ನು ಕೊನೆಗೆ ಇಟ್ಟುಕೊಳ್ಳೋಣ, ಇದರ ಮುಂದೆ ಎಲ್ಲ ಟೂಲ್‌ಗಳೂ ಸೋಲುತ್ತವೆ.

ಎರಡು ಬಗೆಯ ಎಂಜಿನ್

ಒಂದು ಬಗೆ ಕೋಡನ್ನು ಬರೀ ಅಕ್ಷರಗಳಾಗಿ ಓದುತ್ತದೆ. ಸಿಟ್ಯಾಗ್ಸ್, ಸಿಸ್ಕೋಪ್, ಗ್ನೂ ಗ್ಲೋಬಲ್ ಇವೆಲ್ಲ ಈ ಪೈಕಿ. ಸಿಸ್ಕೋಪ್ ಹುಟ್ಟಿದ್ದು ಬೆಲ್ ಲ್ಯಾಬ್ಸ್‌ನಲ್ಲಿ, ಪಿಡಿಪಿ-11 ಕಾಲದಲ್ಲಿ. 2000ದಲ್ಲಿ ಅದರ ಸೋರ್ಸ್ ಮುಕ್ತವಾಯಿತು. ಅಷ್ಟು ಹಳೆಯದಾದರೂ ಇವತ್ತಿಗೂ ಕರ್ನಲ್ ಬರೆಯುವವರು ಬಳಸುತ್ತಾರೆ. ಕಾರಣ ಸರಳ. ಇವಕ್ಕೆ ಬಿಲ್ಡ್ ಬೇಡ, ಕಾನ್ಫಿಗ್ ಬೇಡ, ಕಂಪೈಲರ್ ಬೇಡ. ಫೋಲ್ಡರ್ ಕೊಟ್ಟರೆ ಸಾಕು. ಬೇಗ ಮುಗಿಸುತ್ತವೆ. ಇಫ್‌ಡೆಫ್‌ನ (ಆಯ್ಕೆ ಆನ್ ಇದ್ದರೆ ಈ ಕೋಡ್, ಇಲ್ಲದಿದ್ದರೆ ಆ ಕೋಡ್ ಎನ್ನುವ ಸಾಲು) ಎರಡೂ ಕಡೆಯ ಕೋಡನ್ನು ಸಮಾನವಾಗಿ ನೋಡುತ್ತವೆ. ಅದು ಗುಣವೂ ಹೌದು, ದೋಷವೂ ಹೌದು.

ಇನ್ನೊಂದು ಬಗೆ ಕೋಡನ್ನು ಕಂಪೈಲರ್ ಕಣ್ಣಿನಿಂದ ಓದುತ್ತದೆ. ಕ್ಲ್ಯಾಂಗ್‌ಡಿ ಇದರಲ್ಲಿ ಮುಂದಿರುವ ಹೆಸರು. ಸಿಲಯನ್‌ನ ಎಂಜಿನ್, ಎಕ್ಲಿಪ್ಸ್ ಸಿಡಿಟಿಯ ಇಂಡೆಕ್ಸರ್, ವಿಎಸ್ ಕೋಡ್‌ಗೆ ಮೈಕ್ರೋಸಾಫ್ಟ್ ಕೊಡುವ ಸಿ/ಸಿ++ ಎಕ್ಸ್‌ಟೆನ್ಷನ್ ಕೂಡ ಇದೇ ಜಾತಿಗೆ ಸೇರುತ್ತವೆ, ನಿಖರತೆಯಲ್ಲಿ ಹೆಚ್ಚುಕಮ್ಮಿ ಇರಬಹುದು. ಇವು ಮ್ಯಾಕ್ರೋ ಬಿಚ್ಚಿ ನೋಡುತ್ತವೆ, ಟೈಪ್ ಗೊತ್ತುಮಾಡಿಕೊಳ್ಳುತ್ತವೆ. 'ಕರೆಂಟ್' ಮೇಲೆ ಕ್ಲಿಕ್ ಮಾಡಿದರೆ ನಿಮ್ಮ ಆರ್ಕಿಟೆಕ್ಚರ್‌ನ ಒಂದೇ ಒಂದು ಡೆಫಿನಿಷನ್‌ಗೆ ಹೋಗುತ್ತವೆ. ಬದಲಿಗೆ, ನೀವು ಬಿಲ್ಡ್ ಮಾಡದ ಕೋಡ್ ಇವುಗಳ ಪಾಲಿಗೆ ಹೆಚ್ಚುಕಡಿಮೆ ಇಲ್ಲ.

ಹಾಗಾಗಿ ಆಯ್ಕೆ ಮಾಡುವ ಮುಂಚೆ ನಿಮ್ಮ ಪ್ರಶ್ನೆ ಯಾವ ಥರದ್ದು ನೋಡಿಕೊಳ್ಳಿ. 'ನನ್ನ ಈ ಕರ್ನಲ್‌ನಲ್ಲಿ ಈ ಸಾಲು ಏನು ಮಾಡುತ್ತದೆ' ಅನ್ನುವುದಾದರೆ ಕಂಪೈಲರ್ ಬಗೆ ಬೇಕು. 'ಈ ಫಂಕ್ಷನ್‌ನ ಆರ್ಗ್ಯುಮೆಂಟ್ ಬದಲಿಸಿದರೆ ಇಡೀ ಕರ್ನಲ್‌ನಲ್ಲಿ ಎಲ್ಲೆಲ್ಲಿ ಮುರಿಯುತ್ತದೆ' ಅನ್ನುವುದಾದರೆ ಅಕ್ಷರ ಓದುವ ಬಗೆಯೇ ಬೇಕು. ಕ್ಲ್ಯಾಂಗ್‌ಡಿ 'ಎಂಟು ಕಡೆ ಬಳಕೆಯಲ್ಲಿದೆ' ಎಂದರೆ, ನೀವು ಬಿಲ್ಡ್ ಮಾಡಿದ ಫೈಲ್‌ಗಳಲ್ಲಿ ಎಂಟು ಕಡೆ ಎಂದರ್ಥ. ಬೇರೆ ಆರ್ಕಿಟೆಕ್ಚರ್‌ನ ಡ್ರೈವರ್ ಒಂದರಲ್ಲಿ ಒಂಬತ್ತನೆಯದು ಅಡಗಿರಬಹುದು. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಟೂಲ್ ಎಷ್ಟು ಖಚಿತವಾಗಿ ಉತ್ತರ ಕೊಡುತ್ತದೆ ಎಂದರೆ, ಅದಕ್ಕೆ ಕಾಣದ ಕೋಡ್ ಕೂಡ ಇದೆ ಅನ್ನುವುದೇ ಮರೆತುಹೋಗುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ರೀಡ್ ಸಿಸ್ಟಮ್ ಕಾಲ್ (ಫೈಲ್ ಓದಿಕೊಡು ಎಂದು ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆ) ಕರ್ನಲ್‌ನಲ್ಲಿ ಎಲ್ಲಿ ಶುರುವಾಗುತ್ತದೆ? ಸಹಜವಾಗಿ 'ಸಿಸ್_ರೀಡ್' ಎಂದು ಹುಡುಕುತ್ತೀರಿ. ಹೆಡರ್‌ನಲ್ಲಿ ಅದರ ಡಿಕ್ಲರೇಷನ್ ಸಿಗುತ್ತದೆ. ಆದರೆ ಆ ಹೆಸರಿನಲ್ಲಿ ಬರೆದ ಫಂಕ್ಷನ್ ಎಲ್ಲೂ ಕಾಣುವುದಿಲ್ಲ. ಅದು ಇರುವುದು ಎಫ್ಎಸ್ ಫೋಲ್ಡರ್‌ನ ರೀಡ್_ರೈಟ್ ಫೈಲ್‌ನಲ್ಲಿ, 'ಸಿಸ್‌ಕಾಲ್_ಡಿಫೈನ್3' ಅನ್ನುವ ಮ್ಯಾಕ್ರೋ ಒಳಗೆ. ಎಕ್ಸ್86-64ನಲ್ಲಿ ಈ ಮ್ಯಾಕ್ರೋ ಬಿಚ್ಚಿದರೆ ಹುಟ್ಟುವ ಹೆಸರೇ ಬೇರೆ: '__ಎಕ್ಸ್64_ಸಿಸ್_ರೀಡ್'. ಕ್ಲ್ಯಾಂಗ್‌ಡಿಗೆ ಗೊತ್ತಿರುವುದು ಆ ಬಿಚ್ಚಿದ ಹೆಸರು. ಬರೀ 'ಸಿಟ್ಯಾಗ್ಸ್ -ಆರ್' ಎಂದು ಓಡಿಸಿದರೆ ಅದಕ್ಕೆ ಈ ವಿಷಯವೇ ಗೊತ್ತಾಗುವುದಿಲ್ಲ. ಆದರೆ ಕರ್ನಲ್ ಫೋಲ್ಡರ್‌ನಲ್ಲಿ 'ಮೇಕ್ ಟ್ಯಾಗ್ಸ್' ಎಂದು ಕೊಟ್ಟರೆ, ಕರ್ನಲ್‌ನದೇ ಸ್ಕ್ರಿಪ್ಟ್ ಒಂದು ಓಡುತ್ತದೆ. ಅದರಲ್ಲಿ ಈ ಮ್ಯಾಕ್ರೋಗೆಂದೇ ಬರೆದ ರೆಗ್ಯುಲರ್ ಎಕ್ಸ್‌ಪ್ರೆಷನ್ ಇದೆ. ಆಮೇಲೆ 'ಸಿಸ್_ರೀಡ್' ಎಂದು ಕೇಳಿದರೆ ಸಿಟ್ಯಾಗ್ಸ್ ಸೀದಾ ಆ ಸಾಲಿಗೆ ಹಾರುತ್ತದೆ. ದಡ್ಡ ಟೂಲ್ ಅಂದುಕೊಂಡದ್ದು ಇಲ್ಲಿ ಬುದ್ಧಿವಂತ ಟೂಲ್‌ಗಿಂತ ಮುಂದೆ. ಕರ್ನಲ್ ಬಲ್ಲವರು ಅದಕ್ಕೆ ಪಾಠ ಹೇಳಿಕೊಟ್ಟಿದ್ದಾರೆ, ಅದಕ್ಕೇ.

ಕ್ಲ್ಯಾಂಗ್‌ಡಿ: ಮೊದಲ ಆಯ್ಕೆ, ಆದರೆ ಸಿದ್ಧತೆ ಬೇಕು

ನನ್ನನ್ನು ಕೇಳಿದರೆ ಬಹುಪಾಲು ಜನ ಇಲ್ಲಿಂದಲೇ ಶುರು ಮಾಡಬೇಕು. ಕ್ಲ್ಯಾಂಗ್‌ಡಿ ಒಂದು ಲ್ಯಾಂಗ್ವೇಜ್ ಸರ್ವರ್, ಅಂದರೆ ಹಿನ್ನೆಲೆಯಲ್ಲಿ ಕೋಡ್ ಓದಿ ಎಡಿಟರ್‌ಗೆ ಉತ್ತರ ಕೊಡುವ ಪ್ರೋಗ್ರಾಂ. ಎಡಿಟರ್ ಮತ್ತು ಇಂಥ ಸರ್ವರ್ ನಡುವಿನ ಮಾತುಕತೆಯ ಪ್ರೊಟೋಕಾಲ್ 2016ರಲ್ಲಿ ಮೈಕ್ರೋಸಾಫ್ಟ್ ಕಡೆಯಿಂದ ಬಂತು. ಅದರಿಂದ ಆದ ದೊಡ್ಡ ಲಾಭ ಎಂದರೆ ಒಂದೇ ಎಂಜಿನ್ ವಿಎಸ್ ಕೋಡ್, ವಿಮ್, ಇಮ್ಯಾಕ್ಸ್, ಕ್ಯೂಟಿ ಕ್ರಿಯೇಟರ್ ಎಲ್ಲದರಲ್ಲೂ ಕೆಲಸ ಮಾಡುತ್ತದೆ. ಇವತ್ತು ಎಡಿಟರ್ ಬದಲಿಸಿದರೂ ಮಾಡಿಕೊಂಡ ಸಿದ್ಧತೆ ವ್ಯರ್ಥವಾಗುವುದಿಲ್ಲ.

ಕ್ಲ್ಯಾಂಗ್‌ಡಿಗೆ ಬೇಕಾದದ್ದು ಒಂದು ಫೈಲ್, ಕಂಪೈಲ್_ಕಮಾಂಡ್ಸ್.ಜೇಸನ್. ಯಾವ ಸಿ ಫೈಲನ್ನು ಯಾವ ಫ್ಲ್ಯಾಗ್‌ಗಳೊಂದಿಗೆ ಕಂಪೈಲ್ ಮಾಡಿದ್ದು ಎಂಬ ದಾಖಲೆ ಅದು. ಇದನ್ನು ತಯಾರಿಸುವ ವ್ಯವಸ್ಥೆ ಈಗಿನ ಕರ್ನಲ್‌ಗಳ ಒಳಗೇ ಇದೆ. ಮೊದಲು 'ಮೇಕ್ ಡೆಫ್‌ಕಾನ್ಫಿಗ್' ಕೊಡಿ. ಆಮೇಲೆ 'ಮೇಕ್' ಮುಂದೆ ಈ ಫೈಲ್‌ನ ಹೆಸರನ್ನೇ ಕೊಡಿ. ಕರ್ನಲ್ ಬಿಲ್ಡ್ ಆಗುತ್ತದೆ, ಪ್ರತಿ ಆಬ್ಜೆಕ್ಟ್ ಫೈಲ್ ಪಕ್ಕದಲ್ಲಿ ಉಳಿಯುವ ಡಾಟ್ ಸಿಎಂಡಿ ಫೈಲ್‌ಗಳನ್ನು ಒಂದು ಪೈಥಾನ್ ಸ್ಕ್ರಿಪ್ಟ್ ಓದಿ ಜೇಸನ್ ಬರೆಯುತ್ತದೆ. ಈ ವ್ಯವಸ್ಥೆ ಇಲ್ಲದ ಹಳೆಯ ಕರ್ನಲ್ ಆದರೆ 'ಬೇರ್' ಅನ್ನುವ ಟೂಲ್ ಮುಂದಿಟ್ಟು ಬಿಲ್ಡ್ ಮಾಡಿದರೆ ಅದೇ ಫೈಲ್ ಸಿಗುತ್ತದೆ.

ಈಗ ಎಡಿಟರ್ ತೆರೆದರೆ ಮೊದಲ ಸಾಲಲ್ಲೇ ಕೆಂಪು ಕಾಣಬಹುದು: ಗೊತ್ತಿಲ್ಲದ ಆರ್ಗ್ಯುಮೆಂಟ್ ಅನ್ನುವ ದೂರು. ನೀವು ಜಿಸಿಸಿ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿದ್ದೀರಿ, ಕ್ಲ್ಯಾಂಗ್‌ಡಿ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ನ ಮನೆಯದು. 'ಎಫ್‌ಕನ್ಸರ್ವ್-ಸ್ಟ್ಯಾಕ್' ಥರದ ಜಿಸಿಸಿ ಫ್ಲ್ಯಾಗ್‌ಗಳು ಅದಕ್ಕೆ ಅರ್ಥವಾಗುವುದಿಲ್ಲ. ಎರಡು ದಾರಿ ಇವೆ. ಒಂದು, ಸೋರ್ಸ್ ಫೋಲ್ಡರ್‌ನಲ್ಲಿ ಡಾಟ್ ಕ್ಲ್ಯಾಂಗ್‌ಡಿ ಎಂಬ ಸಣ್ಣ ಫೈಲ್ ಮಾಡಿ, ತೆಗೆದುಹಾಕಬೇಕಾದ ಫ್ಲ್ಯಾಗ್‌ಗಳ ಪಟ್ಟಿ ಅದರಲ್ಲಿ ಬರೆಯುವುದು. ಇನ್ನೊಂದು, 'ಎಲ್ಎಲ್‌ವಿಎಂ=1' ಸೇರಿಸಿ ಕರ್ನಲನ್ನೇ ಕ್ಲ್ಯಾಂಗ್‌ನಲ್ಲಿ ಬಿಲ್ಡ್ ಮಾಡುವುದು. ಓದುವುದಷ್ಟೇ ಉದ್ದೇಶವಾದರೆ ಎರಡನೆಯದೇ ಸುಲಭ. ಒಂದೊಂದೇ ಫ್ಲ್ಯಾಗ್ ಹೆಕ್ಕುತ್ತಾ ಕೂರುವ ಕೆಲಸ ತಪ್ಪುತ್ತದೆ.

ಕಾನ್ಫಿಗ್ ಆರಿಸುವಾಗಲೂ ಸ್ವಲ್ಪ ಯೋಚಿಸಿ. ಎಲ್ಲವೂ ಸೇರಲಿ ಎಂದು 'ಆಲ್‌ಮಾಡ್‌ಕಾನ್ಫಿಗ್' ಕೊಟ್ಟರೆ ಬಿಲ್ಡೂ ದೊಡ್ಡದು, ಇಂಡೆಕ್ಸೂ ದೊಡ್ಡದು, ರ‍್ಯಾಮ್ ಸಾಲದು. 'ಡೆಫ್‌ಕಾನ್ಫಿಗ್' ಮೇಲೆ ನಿಮಗೆ ಬೇಕಾದ ಫೈಲ್‌ಸಿಸ್ಟಮ್ ಅಥವಾ ಡ್ರೈವರ್ ಮಾತ್ರ ಆನ್ ಮಾಡಿಕೊಳ್ಳಿ. ಇಂಡೆಕ್ಸ್ ಡಾಟ್ ಕ್ಯಾಶ್ ಫೋಲ್ಡರ್‌ನಲ್ಲಿ ಕೂರುತ್ತದೆ. ಚುಕ್ಕಿಯಿಂದ ಶುರುವಾಗುವ ಫೈಲ್‌ಗಳನ್ನು ಗಿಟ್ ಗಮನಿಸಬಾರದು ಎಂದು ಕರ್ನಲ್‌ನವರು ಮೊದಲೇ ಹೇಳಿಟ್ಟಿರುವುದರಿಂದ ಗಿಟ್ ಸ್ಟೇಟಸ್ ಗಲೀಜಾಗುವುದಿಲ್ಲ. ಮೊದಲ ಇಂಡೆಕ್ಸ್ ನಡೆಯುವಾಗ ಎಲ್ಲ ಕೋರ್‌ಗಳೂ ದುಡಿಯುತ್ತವೆ. ಮೆಷಿನ್ ಸಣ್ಣದಾದರೆ '-ಜೆ' ಆಯ್ಕೆ ಕೊಟ್ಟು ಕಡಿಮೆ ಮಾಡಿ.

ಹೆಡರ್ ಫೈಲ್‌ಗಳಲ್ಲಿ ಆಗಾಗ ಸುಳ್ಳು ಎರರ್ ಕಾಣುತ್ತದೆ. ಹೆಡರ್‌ಗಳನ್ನು ಯಾರೂ ಒಂಟಿಯಾಗಿ ಕಂಪೈಲ್ ಮಾಡುವುದಿಲ್ಲ ಅಲ್ವಾ? ಹಾಗಾಗಿ ಕ್ಲ್ಯಾಂಗ್‌ಡಿ ಯಾವುದೋ ಸಿ ಫೈಲ್‌ನ ಫ್ಲ್ಯಾಗ್‌ಗಳನ್ನು ಎರವಲು ಪಡೆದು ಓದುತ್ತದೆ. ತನಗೆ ಬೇಕಾದ್ದನ್ನೆಲ್ಲ ತಾನೇ ಇನ್‌ಕ್ಲೂಡ್ ಮಾಡಿಕೊಳ್ಳದ ಹೆಡರ್ ಆದರೆ ಕೆಂಪು ಗೆರೆ ಗ್ಯಾರಂಟಿ. ತಲೆ ಕೆಡಿಸಿಕೊಳ್ಳಬೇಡಿ.

ಮ್ಯಾಕ್ರೋ ವಿಷಯದಲ್ಲಿ ಕ್ಲ್ಯಾಂಗ್‌ಡಿ ತುಂಬ ಉಪಕಾರಿ. 'ಕಂಟೇನರ್_ಆಫ್' ಮೇಲೆ ಮೌಸ್ ಇಟ್ಟರೆ ಅದು ಏನಾಗಿ ಬಿಚ್ಚಿಕೊಳ್ಳುತ್ತದೆ ಎಂದು ಅಲ್ಲೇ ತೋರಿಸುತ್ತದೆ. ಮೇಲೆ ಹೇಳಿದ 'ಫೋಲಿಯೋ_ಟೆಸ್ಟ್_ಡರ್ಟಿ'ಯ ಡೆಫಿನಿಷನ್ ಕೇಳಿದರೆ ಆ ಮ್ಯಾಕ್ರೋ ಕರೆದ ಸಾಲಿಗೇ ಹೋಗುತ್ತದೆ. ಗ್ರೆಪ್‌ಗೆ ಆಗದ ಕೆಲಸ. ನಿಮ್ಮ ಕಾನ್ಫಿಗ್‌ನಲ್ಲಿ ಆಫ್ ಆಗಿರುವ ಇಫ್‌ಡೆಫ್ ಭಾಗಗಳು ಮಂಕಾಗಿ ಕಾಣುತ್ತವೆ, ಓದುವಾಗ ಕಣ್ಣು ತಾನೇ ಅವನ್ನು ದಾಟಿ ಹೋಗುತ್ತದೆ. ಮೆಮೊರಿ ಅಥವಾ ಶೆಡ್ಯೂಲರ್ ಕೋಡ್ ಓದುವವರಿಗೆ ಇದೊಂದೇ ಸಾಕು ಇಷ್ಟವಾಗಲು.

ಅಸೆಂಬ್ಲಿ ಫೈಲ್‌ಗಳು, ಕೆಕಾನ್ಫಿಗ್ (ಕಾನ್ಫಿಗ್ ಆಯ್ಕೆಗಳನ್ನು ವಿವರಿಸುವ ಫೈಲ್‌ಗಳು), ಡಿವೈಸ್ ಟ್ರೀ (ಬೋರ್ಡ್‌ನ ಹಾರ್ಡ್‌ವೇರ್ ವಿವರ) ಇವೆಲ್ಲ ಕ್ಲ್ಯಾಂಗ್‌ಡಿಯ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ 'ಗಿಟ್ ಗ್ರೆಪ್' ಅಥವಾ ರಿಪ್‌ಗ್ರೆಪ್ ಬೇಕೇ ಬೇಕು.

ವಿಎಸ್ ಕೋಡ್

ಕರ್ನಲ್‌ಗಾಗಿ ವಿಎಸ್ ಕೋಡ್ ತೆರೆಯುವವರು ಮೊದಲು ತೀರ್ಮಾನಿಸಬೇಕಾದದ್ದು ಮೈಕ್ರೋಸಾಫ್ಟ್‌ನ ಸಿ/ಸಿ++ ಎಕ್ಸ್‌ಟೆನ್ಷನ್ ಬೇಕೋ, ಕ್ಲ್ಯಾಂಗ್‌ಡಿ ಎಕ್ಸ್‌ಟೆನ್ಷನ್ ಬೇಕೋ ಎಂದು. ಎರಡನ್ನೂ ಹಾಕಿದರೆ ಒಂದಕ್ಕೊಂದು ಅಡ್ಡ ಬರುತ್ತವೆ, ಮೊದಲನೆಯದರ ಇಂಟೆಲಿಸೆನ್ಸ್ (ಕೋಡ್ ಅರ್ಥ ಮಾಡಿಕೊಳ್ಳುವ ಭಾಗ) ಆಫ್ ಮಾಡಬೇಕಾಗುತ್ತದೆ. ಡೀಬಗ್ಗರ್‌ಗೋಸ್ಕರ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದೇ. ಅದಕ್ಕೂ ಜೇಸನ್ ಫೈಲ್ ತೋರಿಸಬಹುದು, ಚೆನ್ನಾಗಿಯೇ ಓದುತ್ತದೆ. ಜೇಸನ್ ಇಲ್ಲದಿದ್ದರೂ ಅಂದಾಜಿನ ಮೇಲೆ ಏನೋ ಒಂದು ತೋರಿಸುತ್ತದೆ. ಅಂದಾಜು ಯಾವುದು, ಖಚಿತ ಯಾವುದು ಅನ್ನುವುದು ಮಾತ್ರ ನೋಡಿದವರಿಗೆ ಗೊತ್ತಾಗುವುದಿಲ್ಲ. ಈ ಕಾರಣಕ್ಕೆ ಕರ್ನಲ್ ಓದಲು ನನ್ನ ವೋಟು ಕ್ಲ್ಯಾಂಗ್‌ಡಿಗೆ.

ಲಿನಕ್ಸ್‌ನಲ್ಲಿ ವಿಎಸ್ ಕೋಡ್ ಇಷ್ಟು ದೊಡ್ಡ ಫೋಲ್ಡರ್ ತೆರೆದಾಗ, ಫೈಲ್‌ಗಳ ಬದಲಾವಣೆ ಗಮನಿಸಲು ಆಗುತ್ತಿಲ್ಲ ಎಂಬ ಎಚ್ಚರಿಕೆ ಬರಬಹುದು. ಐನೋಟಿಫೈ (ಫೈಲ್ ಬದಲಾದರೆ ತಿಳಿಸುವ ಲಿನಕ್ಸ್ ವ್ಯವಸ್ಥೆ) ವಾಚ್‌ಗಳ ಮಿತಿ ಮುಗಿದಿರುತ್ತದೆ. ಮಿತಿ ಏರಿಸಬಹುದು. ಅದಕ್ಕಿಂತ ಬೇಡದ ಆರ್ಕಿಟೆಕ್ಚರ್ ಫೋಲ್ಡರ್‌ಗಳನ್ನೂ ಬಿಲ್ಡ್ ಫೈಲ್‌ಗಳನ್ನೂ ವಾಚ್ ಮತ್ತು ಸರ್ಚ್ ಎರಡರಿಂದಲೂ ಹೊರಗಿಡುವುದು ಒಳ್ಳೆಯದು. ಸರ್ಚ್ ಫಲಿತಾಂಶ ಕೂಡ ಓದುವಂತಾಗುತ್ತದೆ.

ಇದರ ದೊಡ್ಡ ಬಲ ರಿಮೋಟ್ ಸಂಪರ್ಕ. ಕರ್ನಲ್ ಸೋರ್ಸ್, ಬಿಲ್ಡ್, ಕ್ಲ್ಯಾಂಗ್‌ಡಿ ಎಲ್ಲ ಒಂದು ದೊಡ್ಡ ಸರ್ವರ್‌ನಲ್ಲಿ, ಕಿಟಕಿ ಮಾತ್ರ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ. ಎಂಟು ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನವರಿಗೆ ಇದಕ್ಕಿಂತ ನೆಮ್ಮದಿ ಇಲ್ಲ.

ಸಿಲಯನ್

ಜೆಟ್‌ಬ್ರೈನ್ಸ್‌ನ ಸಿಲಯನ್ ಮೇ 2025ರಿಂದ ವಾಣಿಜ್ಯೇತರ ಬಳಕೆಗೆ ಉಚಿತ. ಕಲಿಯುವವರಿಗೆ, ಹವ್ಯಾಸಕ್ಕೆ ಓದುವವರಿಗೆ ಇದು ಒಳ್ಳೆಯ ಸುದ್ದಿ. ಕಂಪನಿ ಕೆಲಸಕ್ಕೆ ದುಡ್ಡು ಕೊಟ್ಟೇ ಬಳಸಬೇಕು.

ಅದೇ ಜೇಸನ್ ಫೈಲನ್ನು ಪ್ರಾಜೆಕ್ಟ್ ಆಗಿ ತೆರೆದರೆ ಆಯಿತು. ಹುಡುಕಾಟದ ಅನುಭವ ಬಹಳ ನುಣುಪು. ಒಂದು ವೇರಿಯಬಲ್‌ಗೆ ಎಲ್ಲೆಲ್ಲಿ ಬೆಲೆ ತುಂಬುತ್ತಾರೆ, ಎಲ್ಲೆಲ್ಲಿ ಸುಮ್ನೆ ಓದುತ್ತಾರೆ ಎಂದು ಬೇರೆ ಬೇರೆಯಾಗಿ ತೋರಿಸುವುದು ಕರ್ನಲ್ ಓದುವಾಗ ತುಂಬ ಬೇಕಾಗುವ ಸವಲತ್ತು. ಸ್ಟ್ರಕ್ಟ್‌ನ ಒಂದು ಫೀಲ್ಡನ್ನು ಬದಲಿಸುವವರು ಯಾರು ಎಂದು ಹುಡುಕುವಾಗ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮೆಮೊರಿ ಮಾತ್ರ ಧಾರಾಳ ಕೊಡಬೇಕು. ಜಾವಾ ಹೀಪ್ ಮಿತಿ ಮೊದಲೇ ಏರಿಸಿ, ಇಲ್ಲದಿದ್ದರೆ ಇಂಡೆಕ್ಸ್ ಮಧ್ಯದಲ್ಲಿ ಏದುಸಿರು ಬಿಡುತ್ತದೆ. 16 ಜಿಬಿ ಇಲ್ಲದ ಮೆಷಿನ್‌ನಲ್ಲಿ ಇದನ್ನು ಪ್ರಯತ್ನಿಸಬೇಡಿ ಎಂದೇ ನನ್ನ ಸಲಹೆ.

ಎಕ್ಲಿಪ್ಸ್ ಸಿಡಿಟಿ

ಒಂದು ಕಾಲದಲ್ಲಿ ಐಡಿಇಯಲ್ಲಿ ಕರ್ನಲ್ ಓದುವುದು ಎಂದರೆ ಎಕ್ಲಿಪ್ಸ್ ಎಂದೇ ಅರ್ಥ. ಈಗಲೂ ಸಿಡಿಟಿ ಕೆಲಸ ಮಾಡುತ್ತದೆ. ಆದರೆ ಕೈಯಾರೆ ಮಾಡಬೇಕಾದ್ದು ಜಾಸ್ತಿ. ಆಟೋಮ್ಯಾಟಿಕ್ ಬಿಲ್ಡ್ ಆಫ್ ಮಾಡಬೇಕು. ನಿಮ್ಮದಲ್ಲದ ಆರ್ಕಿಟೆಕ್ಚರ್ ಫೋಲ್ಡರ್‌ಗಳನ್ನು ಇಂಡೆಕ್ಸ್‌ನಿಂದ ತೆಗೆಯಬೇಕು. '__ಕರ್ನಲ್__' ಎಂಬ ಸಿಂಬಲ್ ಡಿಫೈನ್ ಮಾಡಬೇಕು. ಮೆಷಿನ್‌ನ ಮಾಮೂಲಿ ಇನ್‌ಕ್ಲೂಡ್ ಫೋಲ್ಡರ್‌ಗಳು ಒಳಗೆ ನುಗ್ಗದಂತೆ ತಡೆಯಬೇಕು, ಇಲ್ಲದಿದ್ದರೆ ಯೂಸರ್ ಪ್ರೋಗ್ರಾಂಗಳ ಹೆಡರ್ ಬಂದು ಕರ್ನಲ್ ಹೆಡರ್ ಜಾಗದಲ್ಲಿ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕೆಕಾನ್ಫಿಗ್ ಹೆಡರ್ ಎಲ್ಲ ಫೈಲ್‌ಗಳಿಗಿಂತ ಮುಂಚೆ ಓದುವಂತೆ ಹೇಳಬೇಕು. ನಿಜವಾದ ಬಿಲ್ಡ್‌ನಲ್ಲೂ ಹಾಗೆಯೇ ಆಗುವುದು. ಬಿಲ್ಡ್ ಸಮಯದಲ್ಲಿ ಹುಟ್ಟುವ ಆಟೋಕಾನ್ಫ್ ಹೆಡರ್ ಅದರ ಮೂಲಕ ಒಳಗೆ ಬರುತ್ತದೆ, ಕಾನ್ಫಿಗ್ ಆಯ್ಕೆಗಳು ಇಂಡೆಕ್ಸರ್‌ಗೆ ತಿಳಿಯುತ್ತವೆ. ಈ ಒಂದು ಹೆಜ್ಜೆ ಬಿಟ್ಟರೆ ಇಡೀ ಇಂಡೆಕ್ಸ್ ತಪ್ಪು ಕಾನ್ಫಿಗ್‌ನದಾಗುತ್ತದೆ. ಎಡಿಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಇಷ್ಟೆಲ್ಲ ಯಾಕೆ? ಒಂದು ಸವಲತ್ತಿಗಾಗಿ: ಮ್ಯಾಕ್ರೋವನ್ನು ಹಂತಹಂತವಾಗಿ ಬಿಚ್ಚಿ ತೋರಿಸುವ ಕಿಟಕಿ. ಒಂದು ಮ್ಯಾಕ್ರೋ ಇನ್ನೊಂದನ್ನು ಕರೆದು, ಅದು ಮತ್ತೊಂದನ್ನು ಕರೆಯುವ ಟ್ರೇಸ್‌ಪಾಯಿಂಟ್ ಕೋಡ್‌ನಲ್ಲಿ ಕೊನೆಯ ರೂಪ ನೋಡಿದರೆ ಏನೂ ಅರ್ಥವಾಗುವುದಿಲ್ಲ, ಹಂತಗಳು ಬೇಕು. ಸಿಡಿಟಿ ಅದನ್ನು ಚೆನ್ನಾಗಿ ಮಾಡುತ್ತದೆ. ಆದರೆ ಸಿಡಿಟಿಯ ಪಾರ್ಸರ್ ನಿಜವಾದ ಕಂಪೈಲರ್ ಅಲ್ಲ. ಕರ್ನಲ್ 5.18ರಿಂದ ಸಿ11 ಮಟ್ಟಕ್ಕೆ ಬಂದಿದೆ, ಜಿಸಿಸಿ ವಿಸ್ತರಣೆಗಳನ್ನಂತೂ ಮನಸಾರೆ ಬಳಸುತ್ತದೆ. ಅಂಥ ಕಡೆ ಪಾರ್ಸರ್ ಎಡವುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೊದಲಿನಿಂದ ಎಕ್ಲಿಪ್ಸ್‌ನಲ್ಲೇ ಪಳಗಿದವರು ಬಿಡಬೇಕಾಗಿಯೂ ಇಲ್ಲ. ಕ್ಲ್ಯಾಂಗ್‌ಡಿ ಬಳಸುವ ಎಡಿಟರ್ ಈಗ ಸಿಡಿಟಿಗೂ ಬಂದಿದೆ.

ವಿಮ್, ನಿಯೋವಿಮ್, ಇಮ್ಯಾಕ್ಸ್

ಇವು ಐಡಿಇ ಹೌದೋ ಅಲ್ಲವೋ ಎಂಬ ಜಗಳಕ್ಕೆ ಕೊನೆಯಿಲ್ಲ, ಬಿಡಿ. ಎರಡೂ ಬಗೆಯ ಎಂಜಿನ್ ಒಟ್ಟಿಗೆ ಬೇಕು ಅನ್ನುವವರಿಗೆ ಇವೇ ಅತ್ಯಂತ ಹೊಂದುವ ಎಡಿಟರ್‌ಗಳು. ನಿಯೋವಿಮ್‌ನಲ್ಲಿ 0.5ರಿಂದ, ಇಮ್ಯಾಕ್ಸ್‌ನಲ್ಲಿ 29ರಿಂದ ಲ್ಯಾಂಗ್ವೇಜ್ ಸರ್ವರ್ ಬೆಂಬಲ ಒಳಗೇ ಬರುತ್ತದೆ. ಅದರ ಪಕ್ಕದಲ್ಲೇ ಟ್ಯಾಗ್ಸ್ ಫೈಲ್ ಇಟ್ಟುಕೊಂಡರೆ, ಒಂದು ಕೀಲಿ ಕ್ಲ್ಯಾಂಗ್‌ಡಿಗೆ, ಇನ್ನೊಂದು ಟ್ಯಾಗ್ಸ್‌ಗೆ.

ಸಿಸ್ಕೋಪ್ ಬಳಸುವವರು ಒಂದು ಗಮನಿಸಿ: ನಿಯೋವಿಮ್ 0.9ರಲ್ಲಿ ಅದರ ಬೆಂಬಲ ತೆಗೆದುಹಾಕಿದ್ದಾರೆ. ಪ್ಲಗಿನ್ ಹಾಕಿಕೊಳ್ಳಬೇಕು. ವಿಮ್‌ನಲ್ಲಿ ಇನ್ನೂ ಇದೆ.

'ಮೇಕ್ ಟ್ಯಾಗ್ಸ್', 'ಮೇಕ್ ಸಿಸ್ಕೋಪ್' ಎರಡೂ ಸುಮ್ನೆ ಕೊಟ್ಟರೆ ನಿಮ್ಮ ಮೆಷಿನ್‌ನ ಆರ್ಕಿಟೆಕ್ಚರ್ ಮಾತ್ರ ತೆಗೆದುಕೊಳ್ಳುತ್ತವೆ. ಆರ್ಮ್64 ಕೋಡ್ ಓದಬೇಕಾದರೆ 'ಆರ್ಚ್=ಆರ್ಮ್64' ಎಂದು ಜೊತೆಗೆ ಹೇಳಿ. ಬಿಲ್ಡ್ ಆದ ಫೈಲ್‌ಗಳಷ್ಟೇ ಸಾಕು ಎಂದರೆ 'ಕಂಪೈಲ್ಡ್_ಸೋರ್ಸ್=1' ಇದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪಟ್ಟಿ ಉದ್ದವಾಗುತ್ತದೆ ಎಂದು ಸಿಸ್ಕೋಪ್ ಬಿಟ್ಟವರು ಒಮ್ಮೆ ಇದನ್ನು ಹಾಕಿ ನೋಡಿ.

ವಿಂಡೋಸ್‌ನಲ್ಲಿ ಓದುವವರಿಗೆ

ಎಂಬೆಡೆಡ್ ಕೆಲಸ ಮಾಡುವ ಅನೇಕರು ವಿಂಡೋಸ್‌ನಲ್ಲಿ ಸೋರ್ಸ್ ಇನ್‌ಸೈಟ್ ಬಳಸುತ್ತಾರೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಟೂಲ್. ಬಿಲ್ಡ್ ಇಲ್ಲದೆಯೇ ಬೇಗ ಇಂಡೆಕ್ಸ್ ಮಾಡುತ್ತದೆ. ಕರ್ಸರ್ ಇಟ್ಟ ಹೆಸರಿನ ಡೆಫಿನಿಷನ್ ಕೆಳಗಿನ ಕಿಟಕಿಯಲ್ಲಿ ತಾನೇ ತೆರೆದುಕೊಳ್ಳುವುದು ಅದರ ಸೊಗಸು. ನಿಖರತೆ ಅಕ್ಷರ ಓದುವ ಬಗೆಯ ಹತ್ತಿರ.

ಆದರೆ ಕರ್ನಲ್ ಸೋರ್ಸನ್ನು ನೇರ ವಿಂಡೋಸ್ ಡ್ರೈವ್‌ಗೆ ಕ್ಲೋನ್ ಮಾಡಬೇಡಿ. ನೆಟ್‌ಫಿಲ್ಟರ್ ಭಾಗದಲ್ಲಿ ದೊಡ್ಡಕ್ಷರ, ಸಣ್ಣಕ್ಷರದಲ್ಲಷ್ಟೇ ವ್ಯತ್ಯಾಸ ಇರುವ ಜೋಡಿ ಫೈಲ್‌ಗಳಿವೆ. ಟಿಸಿಪಿಎಂಎಸ್ಎಸ್ ಹೆಡರ್ ಅದಕ್ಕೆ ಒಂದು ಉದಾಹರಣೆ. ವಿಂಡೋಸ್ ಎರಡನ್ನೂ ಒಂದೇ ಎಂದು ತಿಳಿದು ಒಂದನ್ನು ಅಳಿಸಿಬಿಡುತ್ತದೆ. ಮ್ಯಾಕ್‌ನ ಮಾಮೂಲಿ ಡಿಸ್ಕ್‌ನಲ್ಲೂ ಇದೇ ಕಥೆ. ಇನ್ನು ನೂವೋ ಗ್ರಾಫಿಕ್ಸ್ ಡ್ರೈವರ್‌ನಲ್ಲಿ 'ಆಕ್ಸ್' ಅನ್ನುವ ಸಿ ಫೈಲ್ ಇದೆ. ವಿಂಡೋಸ್‌ಗೆ ಆ ಹೆಸರು ಡಾಸ್ ಕಾಲದಿಂದ ನಿಷಿದ್ಧ. ಡಬ್ಲ್ಯುಎಸ್ಎಲ್ (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗೆ, ಅದರ ಸ್ವಂತ ಫೈಲ್‌ಸಿಸ್ಟಮ್‌ನಲ್ಲಿ ಸೋರ್ಸ್ ಇಟ್ಟು, ಹೊರಗಿನಿಂದ ವಿಎಸ್ ಕೋಡ್ ಜೋಡಿಸುವುದು ಇದಕ್ಕೆ ಸರಿಯಾದ ಮದ್ದು.

ಏನೂ ಹಾಕಿಕೊಳ್ಳದೆ ಓದಬೇಕೆ?

ಬೂಟ್ಲಿನ್ ಕಂಪನಿ ನಡೆಸುವ ಎಲಿಕ್ಸಿರ್ ಇದೆ. ಬ್ರೌಸರ್‌ನಲ್ಲೇ ಕರ್ನಲ್‌ನ ಹಳೆಯ, ಹೊಸ ಆವೃತ್ತಿಗಳೆಲ್ಲ ಸಿಗುತ್ತವೆ. ಯಾವ ಹೆಸರಿನ ಮೇಲೆ ಕ್ಲಿಕ್ ಮಾಡಿದರೂ ಡೆಫಿನಿಷನ್‌ಗಳು, ಬಳಕೆಗಳು ಪಟ್ಟಿಯಾಗಿ ಬರುತ್ತವೆ. ಕೆಕಾನ್ಫಿಗ್ ಹೆಸರುಗಳೂ ಡಿವೈಸ್ ಟ್ರೀ ಹೊಂದಾಣಿಕೆಯ ಹೆಸರುಗಳೂ ಅದಕ್ಕೆ ತಿಳಿಯುತ್ತವೆ. ಕ್ಲ್ಯಾಂಗ್‌ಡಿಗೆ ಇವು ಕಾಣುವುದಿಲ್ಲ ಎಂದೆನಲ್ಲ, ಆ ಕೊರತೆ ಇಲ್ಲಿ ತುಂಬುತ್ತದೆ. ಇದೇ ಫಂಕ್ಷನ್ 4.19ರಲ್ಲಿ ಹೇಗಿತ್ತು ಎಂದು ನೋಡಲು ಪಕ್ಕದ ಪಟ್ಟಿಯಲ್ಲಿ ಆವೃತ್ತಿ ಬದಲಿಸಿದರೆ ಸಾಕು. ಯಾವ ಐಡಿಇ ಬಳಸಿದರೂ ಇದೊಂದು ಟ್ಯಾಬ್ ತೆರೆದಿಟ್ಟಿರಿ.

ಫಂಕ್ಷನ್ ಪಾಯಿಂಟರ್ ಮುಂದೆ ಎಲ್ಲರೂ ಒಂದೇ

ರೀಡ್ ಸಿಸ್ಟಮ್ ಕಾಲ್ ಮತ್ತೆ ತೆಗೆದುಕೊಳ್ಳಿ. 'ಕೆಸಿಸ್_ರೀಡ್' ತನಕ ಹೋಗುತ್ತೀರಿ, ಅಲ್ಲಿಂದ 'ವಿಎಫ್ಎಸ್_ರೀಡ್'. ಅದರೊಳಗೆ ಫೈಲ್‌ನ 'ಎಫ್_ಆಪ್' ಎಂಬ ಕೋಷ್ಟಕದಲ್ಲಿ 'ರೀಡ್' ಇದ್ದರೆ ಅದನ್ನು ಕರೆಯುತ್ತಾರೆ. ಇಲ್ಲದಿದ್ದರೆ 'ರೀಡ್_ಇಟರ್' ಇದೆಯಾ ನೋಡುತ್ತಾರೆ. ಇಲ್ಲಿ ಡೆಫಿನಿಷನ್‌ಗೆ ಹೋಗು ಎಂದರೆ ಯಾವ ಐಡಿಇಯಾದರೂ 'ಫೈಲ್_ಆಪರೇಷನ್ಸ್' ಸ್ಟ್ರಕ್ಟ್‌ನ ಒಂದು ಫೀಲ್ಡ್‌ಗೆ ಕರೆದೊಯ್ದು ನಿಲ್ಲಿಸುತ್ತದೆ. ದಾರಿ ಮುಗಿಯಿತು. ನಿಜವಾಗಿ ಓಡುವ ಕೋಡ್ ಎಕ್ಸ್ಟ್4ನದ್ದೋ, ಸಾಕೆಟ್‌ನದ್ದೋ, ಪೈಪ್‌ನದ್ದೋ ಅನ್ನುವುದು ಓಡುವಾಗಲೇ ತೀರ್ಮಾನ.

ಮಾಡಬಹುದಾದ್ದು ಏನೆಂದರೆ, ಫೀಲ್ಡ್‌ನ ಬಳಕೆಗಳನ್ನು ಕೇಳುವುದು. ಪಟ್ಟಿ ಉದ್ದ ಬರುತ್ತದೆ. ಅದಕ್ಕಿಂತ 'ಚುಕ್ಕಿ ರೀಡ್_ಇಟರ್ ಸಮ' ಎಂಬ ಮಾದರಿಯನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್ ಮಾಡಿ, ನಿಮಗೆ ಬೇಕಾದ ಫೋಲ್ಡರ್‌ನಲ್ಲಿ ಮಾತ್ರ ಹುಡುಕಿ. ಎಫ್ಎಸ್ ಕೆಳಗಿನ ಎಕ್ಸ್ಟ್4 ಫೋಲ್ಡರ್‌ನಲ್ಲಿ ಹುಡುಕಿದರೆ 'ಎಕ್ಸ್ಟ್4_ಫೈಲ್_ರೀಡ್_ಇಟರ್' ತಕ್ಷಣ ಸಿಗುತ್ತದೆ. ಕ್ಲ್ಯಾಂಗ್‌ಡಿಗಿಂತ ಗ್ರೆಪ್ ಗೆಲ್ಲುವ ಜಾಗ ಇದು.

ಊಹೆ ಬೇಡ, ಖಚಿತ ಬೇಕು ಎಂದರೆ ಓಡಿಸಿ ನೋಡಬೇಕು. ಕರ್ನಲ್‌ನಲ್ಲೇ ಇರುವ ಟ್ರೇಸ್ ಟೂಲ್ ಎಫ್‌ಟ್ರೇಸ್‌ನ 'ಫಂಕ್ಷನ್_ಗ್ರಾಫ್' ಆನ್ ಮಾಡಿದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂದು ಮರದ ರೂಪದಲ್ಲಿ ಬರೆದುಕೊಡುತ್ತದೆ. ಇಲ್ಲವೇ ಕ್ಯೂಎಮು ಎಂಬ ವರ್ಚುವಲ್ ಮೆಷಿನ್‌ನಲ್ಲಿ '-ಎಸ್' (ಸಣ್ಣಕ್ಷರ) ಆಯ್ಕೆಯೊಂದಿಗೆ ಕರ್ನಲ್ ಬೂಟ್ ಮಾಡಿ, 1234 ಪೋರ್ಟ್‌ಗೆ ಜಿಡಿಬಿ ಡೀಬಗ್ಗರ್ ಜೋಡಿಸಿ. ಬೂಟ್ ಸಾಲಿನಲ್ಲಿ 'ನೋಕೆಎಎಸ್ಎಲ್ಆರ್' ಹಾಕಲು ಮರೆಯಬೇಡಿ, ಇಲ್ಲದಿದ್ದರೆ ವಿಳಾಸಗಳು ಹೊಂದದೆ ಬ್ರೇಕ್‌ಪಾಯಿಂಟ್ ನಿಲ್ಲುವುದೇ ಇಲ್ಲ. ಐಡಿಇಗೆ ಬೆಲೆ ಬರುವುದು ಇಂಥ ಕಡೆ. ಸಿಲಯನ್, ವಿಎಸ್ ಕೋಡ್, ಎಕ್ಲಿಪ್ಸ್ ಮೂರರಲ್ಲೂ ರಿಮೋಟ್ ಜಿಡಿಬಿ ಜೋಡಿಸಿ, ಕಾಲ್ ಸ್ಟ್ಯಾಕ್‌ನ ಪ್ರತಿ ಮೆಟ್ಟಿಲ ಮೇಲೂ ಕ್ಲಿಕ್ ಮಾಡುತ್ತಾ ಸೋರ್ಸ್ ಓದಬಹುದು. ಕೆಲವು ವೇರಿಯಬಲ್‌ಗಳ ಜಾಗದಲ್ಲಿ ಆಪ್ಟಿಮೈಸ್ ಆಗಿದೆ ಎಂದು ಮಾತ್ರ ಕಾಣುತ್ತದೆ. ಕರ್ನಲನ್ನು ಆಪ್ಟಿಮೈಸೇಷನ್ ಇಲ್ಲದೆ ಬಿಲ್ಡ್ ಮಾಡಲು ಬರುವುದಿಲ್ಲ, ಅದನ್ನು ಸಹಿಸಿಕೊಳ್ಳಬೇಕು.

ಹಾಗಾದರೆ ಯಾವುದು?

ಮೊದಲ ಸಲ ಕರ್ನಲ್ ತೆರೆಯುತ್ತಿದ್ದೀರಾ? ಎಲಿಕ್ಸಿರ್‌ನಲ್ಲಿ ಒಂದು ವಾರ ಓದಿ. ಏನು ಓದಬೇಕು ಅನ್ನುವುದು ಗೊತ್ತಾದ ಮೇಲೆ ವಿಎಸ್ ಕೋಡ್ ಮತ್ತು ಕ್ಲ್ಯಾಂಗ್‌ಡಿ ಹಾಕಿಕೊಳ್ಳಿ. ಆಪರೇಟಿಂಗ್ ಸಿಸ್ಟಮ್ ಪಾಠದ ಜೊತೆಗೆ ಓದುವವರಾದರೆ ಲಿನಕ್ಸ್‌ಗಿಂತ ಮುಂಚೆ ಎಂಐಟಿ ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಎಕ್ಸ್‌ವಿ6 ನೋಡಿ. ಅಷ್ಟು ಚಿಕ್ಕ ಕೋಡ್‌ಗೆ ಯಾವ ಎಡಿಟರ್ ಆದರೂ ನಡೆಯುತ್ತದೆ, ಈ ಗೊಂದಲ ಯಾವುದೂ ಇರುವುದಿಲ್ಲ.

ಒಂದೇ ಬೋರ್ಡ್, ಒಂದೇ ಕಾನ್ಫಿಗ್ ಮೇಲೆ ಡ್ರೈವರ್ ಬರೆಯುವವರಿಗೆ ಕ್ಲ್ಯಾಂಗ್‌ಡಿ ಅಥವಾ ಸಿಲಯನ್. ರ‍್ಯಾಮ್ ಮತ್ತು ಲೈಸೆನ್ಸ್ ಇದ್ದರೆ ಸಿಲಯನ್ ಹಿತವಾಗಿದೆ, ಇಲ್ಲದಿದ್ದರೆ ಏನೂ ಕಳೆದುಕೊಂಡಂತಲ್ಲ.

ಇಡೀ ಕರ್ನಲ್ ಉದ್ದಕ್ಕೂ ಒಂದು ಇಂಟರ್ಫೇಸ್ ಬದಲಿಸುವ ಪ್ಯಾಚ್ ಬರೆಯುತ್ತಿದ್ದರೆ ಸಿಸ್ಕೋಪ್, ಗಿಟ್ ಗ್ರೆಪ್ ಇಲ್ಲದೆ ಕೈ ಹಾಕಬೇಡಿ. ಕ್ಲ್ಯಾಂಗ್‌ಡಿಯ ಪಟ್ಟಿ ನಂಬಿ ಕಳಿಸಿದ ಪ್ಯಾಚ್ ಬೇರೆ ಆರ್ಕಿಟೆಕ್ಚರ್‌ನಲ್ಲಿ ಮುರಿದು ವಾಪಸ್ ಬರುತ್ತದೆ.

ರಸ್ಟ್ ಭಾಷೆಯ ಕೋಡ್ ಓದಲು ಬಂದವರಿಗೆ ಆಯ್ಕೆಯ ಚಿಂತೆಯೇ ಇಲ್ಲ. ಡಿಸೆಂಬರ್ 2022ರ 6.1ರಿಂದ ಕರ್ನಲ್‌ನಲ್ಲಿ ರಸ್ಟ್ ಇದೆ. 'ಮೇಕ್ ರಸ್ಟ್-ಅನಲೈಸರ್' ಕೊಟ್ಟರೆ ಬೇಕಾದ ಪ್ರಾಜೆಕ್ಟ್ ಫೈಲ್ ತಯಾರಾಗುತ್ತದೆ. ಎಡಿಟರ್ ಯಾವುದಾದರೂ ಸರಿ.

ಈ ಸಾಲು ಇಲ್ಲಿ ಯಾಕಿದೆ ಅನ್ನುವ ಪ್ರಶ್ನೆ ಹಿಡಿದು ಹೊರಟವರಿಗೆ ಇಂಡೆಕ್ಸ್‌ಗಿಂತ ಐಡಿಇಯ ಗಿಟ್ ಬ್ಲೇಮ್ (ಪ್ರತಿ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂದು ತೋರಿಸುವುದು) ಮುಖ್ಯ. ಕರ್ನಲ್‌ನ ಕಮಿಟ್ ಸಂದೇಶಗಳು ಬೇರೆ ಪ್ರಾಜೆಕ್ಟ್‌ಗಳಂತೆ ಒಂದು ಸಾಲಿನವಲ್ಲ, ಕಾರಣ ಬಿಡಿಸಿ ಬರೆದಿರುತ್ತಾರೆ. ಜಾಗ ಉಳಿಸಲು '--ಡೆಪ್ತ್=1' ಹಾಕಿ ಕ್ಲೋನ್ ಮಾಡಿದ್ದರೆ ಇದು ಸಿಗುವುದಿಲ್ಲ, ಪೂರ್ತಿ ಇತಿಹಾಸ ಇಳಿಸಿಕೊಳ್ಳಿ. ಹಿಂದೆ ಹಿಂದೆ ಹೋಗುತ್ತಾ ಏಪ್ರಿಲ್ 2005ರ 2.6.12-ಆರ್‌ಸಿ2 ಕಮಿಟ್‌ಗೆ ಬಂದು ನಿಂತರೆ, ಬ್ಲೇಮ್ ಅಲ್ಲಿಗೆ ಮುಗಿಯಿತು. ಲೈನಸ್ ಟೊರ್ವಾಲ್ಡ್ಸ್ ಕರ್ನಲನ್ನು ಗಿಟ್‌ಗೆ ತಂದದ್ದು ಅಲ್ಲಿಂದ. ಅದಕ್ಕೂ ಹಿಂದಿನದಕ್ಕೆ ಹಳೆಯ ಆವೃತ್ತಿಗಳನ್ನು ಎಲಿಕ್ಸಿರ್‌ನಲ್ಲಿ ಅಕ್ಕಪಕ್ಕ ಇಟ್ಟು ನೀವೇ ಹೋಲಿಸಬಹುದು.